ಕೆಂಚನಿಗೆ ಗುಳಿಗೆ ನುಂಗಿಸಿದ ದಿನಗಳು

ನನ್ನ ಎಡಗೈಯಲ್ಲಿ ನಾಯಿ ಕಚ್ಚಿದ ಗುರುತು ಐದಿವೆ. ಐದಕ್ಕೂ ನಾನೇ ಕಾರಣ. ಆ ನಾಯಿಗಳ ಮೇಲೆ ನನ್ನ ದೂರೇನೂ ಇಲ್ಲ. ಯಾರಾದರೂ ನಿಮ್ಮ ದವಡೆ ಹಿಡಿದು ಬಾಯಿ ಅಗಲಿಸಿ ಗಂಟಲಿಗೆ ಬೆರಳು ಹಾಕಿದರೆ ನೀವೂ ಕಚ್ಚುತ್ತೀರಿ.

ಪಶು ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿದೆ. ಇಲಾಖೆಯ ಕಾಗದದಲ್ಲಿ ನನ್ನ ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು, ಜನರ ಬಾಯಲ್ಲಿ ಮಾತ್ರ ಕಡೆಯವರೆಗೂ ಕಾಂಪೌಂಡರೇ. ಬಡ್ತಿಯ ಕಥೆ ಇಷ್ಟೇ, ಇಲ್ಲಿಗೆ ಮುಗಿಯಿತು. ಈಗ ಮಕ್ತಲ್‌ನಲ್ಲಿ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಹೊಸದಾಗಿ ನೌಕರಿಗೆ ಸೇರಿದವರು ಹೋಗುತ್ತ ಬರುತ್ತ ನಿಂತು ಮಾತಾಡಿಸುತ್ತಾರೆ. ಎತ್ತಿನ ಹೊಟ್ಟೆಯುಬ್ಬರ, ಎಮ್ಮೆಯ ಹೆರಿಗೆ ಎಲ್ಲ ಅವರು ಓದಿಕೊಂಡೇ ಬಂದಿರುತ್ತಾರೆ. ಕೇಳುವುದು ಒಂದನ್ನೇ: "ಅಣ್ಣಾರ, ಜಡ್ಡಾದ ನಾಯಿಗಿ ಗುಳಿಗಿ ಹ್ಯಾಂಗ ನುಂಗಸಬೇಕ್ರೀ? ಕೂಳು ಹ್ಯಾಂಗ ತಿನ್ನಸಬೇಕ್ರೀ?" ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಹೇಗೆ ಮಾಡಬೇಕು ಎನ್ನುವುದಕ್ಕಿಂತ ನಾನು ಹೇಗೆ ಕೆಡಿಸಿದೆ ಎನ್ನುವುದೇ ಇದರಲ್ಲಿ ಹೆಚ್ಚು.

ನೌಕರಿ ಸೇರಿದ ಹೊಸದರಲ್ಲಿ ನನ್ನನ್ನು ಮಾಗನೂರಿನ ಕಡೆಗೆ ಹಾಕಿದ್ದರು. ಆಗ ಅಲ್ಲಿ ನಾಯಿಯನ್ನು ಯಾರೂ ರೋಗಿ ಎಂದು ತರುತ್ತಿರಲಿಲ್ಲ. ಎತ್ತು, ಎಮ್ಮೆ, ಕುರಿ ಬರುತ್ತಿದ್ದವು. ನಾಯಿ ಅವುಗಳ ಬೆನ್ನಿಗೆ ಬಂದು ಬಾಗಿಲಲ್ಲಿ ಕೂರುತ್ತಿತ್ತು, ಕೆಲಸ ಮುಗಿದ ಮೇಲೆ ಎದ್ದು ಹೋಗುತ್ತಿತ್ತು. ಹಾಗಾಗಿ ಕುರಿ ಕಾಯುವ ಬೀರಪ್ಪ ಎಂಬುವವನು ಒಂದು ಮುಂಜಾನೆ ತನ್ನ ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಾಗ ನನಗೆ ನಗು ಬಂದಿತ್ತು. ಮೂರು ದಿನದಿಂದ ಭೇದಿ, ನಾಯಿ ತಲೆ ಎತ್ತುತ್ತಿರಲಿಲ್ಲ. ಡಾಕ್ಟರು ಹಳ್ಳಿ ಸುತ್ತಲು ಹೋಗಿದ್ದರು.

ನನ್ನ ಹತ್ತಿರ ಬಿದಿರಿನ ಗೊಟ್ಟ ಇತ್ತು. ದನಕ್ಕೆ ಔಷಧಿ ಕುಡಿಸುವ ಕೊಳವೆ ಅದು; ಮೂತಿ ಮೇಲಕ್ಕೆತ್ತಿ ಬಾಯಿಯ ಮಗ್ಗುಲಿಗೆ ಇಟ್ಟು ಸುರಿದರೆ ಎತ್ತು ಗಟಗಟ ನುಂಗುತ್ತದೆ. ಎತ್ತಿಗೆ ನೂರು ಸಲ ಮಾಡಿದ್ದೆ. ನಾಯಿಗೂ ಹಾಗೇ ಮಾಡಿದೆ. ಬೀರಪ್ಪ ಮೂತಿ ಎತ್ತಿ ಹಿಡಿದ, ನಾನು ಸುರಿದೆ. ನಾಯಿ ಕೆಮ್ಮಿತು, ಮೂಗಿನಿಂದ ಸ್ವಲ್ಪ ಔಷಧಿ ಹೊರಗೆ ಬಂತು. "ಪೂರಾ ಒಳಗ ಹೋತು ನೋಡಪಾ" ಎಂದು ನಾನೇ ಬೆನ್ನು ತಟ್ಟಿಕೊಂಡೆ. ಒಳಗೆ ಹೋಗಿದ್ದು ನಿಜ, ಹೊಟ್ಟೆಗಲ್ಲ, ಪುಪ್ಪುಸಕ್ಕೆ. ಮೂರನೇ ದಿನ ಬೀರಪ್ಪ ಮತ್ತೆ ಬಂದ. ಕೈಯಲ್ಲಿ ಒಂದು ಗಡಿಗೆ ಮಜ್ಜಿಗೆ.

"ಸತ್ತಿತ್ರೀ ಸಾಬ್ರ. ಭೇದಿ ನಿಂತಿತ್ತು ನೋಡ್ರಿ, ಉಸಿರು ಆಡವಲ್ದಾತು. ಅದರ ಆಯುಷ್ಯ ಅಷ್ಟ ಇತ್ತು. ನೀವು ನಿಮ್ಮ ಕೈಲಾದದ್ದು ಮಾಡಿದ್ರಿ."

ನಾನು ಹೌದು ಎಂದೆ. ಮಜ್ಜಿಗೆ ತೆಗೆದುಕೊಂಡೆ, ಕುಡಿದೆ ಕೂಡ. ತಪ್ಪು ನನ್ನದು ಎಂದು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ನಾಯಿಯ ಮೂತಿಯನ್ನು ಆಕಾಶಕ್ಕೆತ್ತಿ ಯಾವುದನ್ನೂ ಸುರಿಯಬೇಡಿ. ತಲೆ ನೆಲಕ್ಕೆ ಸಮವಾಗಿರಲಿ, ಸೂಜಿ ತೆಗೆದ ಸಿರಿಂಜನ್ನು ಕೆನ್ನೆಯ ಸಂದಿಗೆ ಇಟ್ಟು ಒಂದೊಂದು ಗುಟುಕೇ ಬಿಡಿ, ನುಂಗಿದ ಮೇಲೆ ಇನ್ನೊಂದು. ಅವಸರವಿದ್ದರೆ ಬೇರೆಯವರನ್ನು ಕಳಿಸಿ.

ಇದನ್ನು ನನಗೆ ಕಲಿಸಿದವರು ಗದ್ವಾಲ್‌ನಲ್ಲಿದ್ದ ನಮ್ಮ ದೊಡ್ಡ ಡಾಕ್ಟರು. ವಯಸ್ಸಾದವರು, ಉರ್ದು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ, ನಾವೆಲ್ಲ ಬಡೇ ಡಾಕ್ಟರ್ ಸಾಬ್ ಎನ್ನುತ್ತಿದ್ದೆವು. ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವರು ಪಿಸುಗುಟ್ಟಿದರೆ ನಾವು ಗೋಡೆಗೆ ಸರಿಯುತ್ತಿದ್ದೆವು.

ಅಲ್ಲಿ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಕರುವಿನಷ್ಟು ದೊಡ್ಡ ನಾಯಿಯೊಂದಿತ್ತು. ಮೈಯೆಲ್ಲ ಹುಣ್ಣು. ದಿನಕ್ಕೆ ಎರಡು ಗುಳಿಗೆ ನುಂಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಜಾಣನೆಂದುಕೊಂಡು ಮಟನ್ ತುಂಡಿನ ನಡುವೆ ಗುಳಿಗೆ ಒತ್ತಿ ಕೊಟ್ಟೆ. ಎರಡು ದಿನ ನುಂಗಿತು. ಮೂರನೇ ದಿನ ತುಂಡನ್ನು ಬಾಯಲ್ಲಿ ತಿರುಗಿಸಿ, ಮಾಂಸ ನುಂಗಿ ಗುಳಿಗೆಯನ್ನು ನನ್ನ ಬೂಟಿನ ಮೇಲೆ ಉಗುಳಿತು. ನಾಲ್ಕನೇ ದಿನ ಮಟನ್ನೇ ಒಲ್ಲೆ ಎಂದಿತು. ಅಷ್ಟೇ ಅಲ್ಲ, ಅಡುಗೆಯವನು ಹಾಕಿದ್ದನ್ನೂ ಬಿಟ್ಟಿತು. ಇದ್ದ ರೋಗ ಹುಣ್ಣು ಒಂದೇ ಆಗಿತ್ತು, ಉಪವಾಸವನ್ನು ನಾನು ಸೇರಿಸಿದೆ.

ಬಡೇ ಡಾಕ್ಟರ್ ಸಾಬ್ ನನ್ನನ್ನು ಕರೆದು ಕೈ ಚಾಚು ಎಂದರು. ಅಂಗೈ ಮೂಸಿ ನೋಡಿದರು. "ಕುತ್ತೇ ಕೀ ನಾಕ್ ಕು ಧೋಕಾ ನೈ ದೇ ಸಕತೆ, ಮಿಯಾ" ಎಂದು ಪಿಸುಗುಟ್ಟಿದರು. ನಾಯಿಯ ಮೂಗಿಗೆ ಮೋಸ ಮಾಡಲಾಗದು ಎಂದು. ಆಮೇಲೆ ಎರಡು ನಿಯಮ ಹೇಳಿದರು. ಗುಳಿಗೆ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆಯಬೇಕು. ಮತ್ತು ದವೆಯ ಕೈ ಬೇರೆ, ಊಟದ ಕೈ ಬೇರೆ ಇರಬೇಕು. ಉಣಿಸುವವರು ಔಷಧಿ ಕೊಡಬಾರದು, ಔಷಧಿ ಕೊಡುವವರು ಉಣಿಸಬಾರದು. ನಾಯಿ ಒಬ್ಬರನ್ನು ದ್ವೇಷಿಸಿದರೆ ನಡೆಯುತ್ತದೆ, ಊಟವನ್ನು ದ್ವೇಷಿಸಿದರೆ ನಡೆಯುವುದಿಲ್ಲ. ದ್ವೇಷಿಸಿಕೊಳ್ಳುವುದು ಕಾಂಪೌಂಡರನ ಕೆಲಸ ಎಂದು ಅವರು ಹೇಳಿದ ರೀತಿ ಹೇಗಿತ್ತೆಂದರೆ, ಅದು ಇಲಾಖೆಯ ಆದೇಶದಲ್ಲೇ ಇದೆಯೇನೋ ಎನಿಸುತ್ತಿತ್ತು.

ಇಷ್ಟು ಸ್ಪಷ್ಟವಾಗಿ ಕಲಿತ ಪಾಠವನ್ನು ಇಪ್ಪತ್ತು ವರ್ಷದ ಮೇಲೆ ನಾರಾಯಣಪೇಟೆಯಲ್ಲಿ ಮರೆತೆ. ಮರೆತದ್ದೂ ಒಂದು ಸಲ ಅಲ್ಲ, ಒಂದೇ ವಾರದಲ್ಲಿ ಎರಡು ಸಲ.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಶರಣಪ್ಪ, ನಾಗಮ್ಮ ಎಂಬ ಗಂಡ ಹೆಂಡತಿ. ಲಿಂಗ ಕಟ್ಟಿದ ಮನೆತನ, ಹಿರಿಯರು ರಾಯಚೂರು ಕಡೆಯಿಂದ ಬಂದವರು. ಶರಣಪ್ಪ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನಾಗಮ್ಮ ಪಕ್ಕದಲ್ಲಿ ರಾಟೆ ಹಾಕಿಕೊಂಡು ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಇಬ್ಬರ ನಡುವೆ ಕೆಂಚ ಎಂಬ ನಾಯಿ ಮಲಗಿರುತ್ತಿತ್ತು. ಜಾತಿ ನಾಯಿಯಲ್ಲ, ಓಣಿಯದೇ, ಬಣ್ಣ ಕೆಂಪು. ಬೆಳಿಗ್ಗೆ ಓಣಿಯಲ್ಲಿ ನೂಲಿನ ಹಾಸು ಚಾಚಿ ಗಂಜಿ ಹಚ್ಚುವಾಗ ಅದು ಹಾಸಿನ ಉದ್ದಕ್ಕೂ ಹಿಂದೆ ಹಿಂದೆ ನಡೆದು ನೆಲಕ್ಕೆ ಬಿದ್ದ ಹನಿ ನೆಕ್ಕುತ್ತಿತ್ತಂತೆ, ನೂಲಿಗೆ ಮಾತ್ರ ಮೂಗು ತಾಗಿಸುತ್ತಿರಲಿಲ್ಲ. ಅಷ್ಟು ಶಿಸ್ತಿನ ನಾಯಿ. ಆ ಶಿಸ್ತೇ ಮುಂದೆ ನಮ್ಮನ್ನು ಕಾಡಿತು.

ಅವರು ಕೆಂಚನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದಾಗ ಅದರ ವಸಡು ಸುಣ್ಣದಷ್ಟು ಬೆಳ್ಳಗಿತ್ತು. ಮೂಗಿನ ಒಂದು ಹೊಳ್ಳೆಯಿಂದ ರಕ್ತ. ಉಣ್ಣೆ ಹುಳ ಕಚ್ಚಿ ಬರುವ ಜ್ವರ. ಆಗ ಇದ್ದ ಡಾಕ್ಟರು ವಾರಂಗಲ್ ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತೆಲುಗಿನವರು, ಕೆಲಸದಲ್ಲಿ ಬಹಳ ಚುರುಕು. ಸಲೈನ್ ಏರಿಸಿದರು, ಇಂಜೆಕ್ಷನ್ ಕೊಟ್ಟರು, ನಾಲ್ಕು ವಾರ ದಿನಾ ನುಂಗಿಸಬೇಕಾದ ಗುಳಿಗೆ ಬರೆದರು. ಆ ಗುಳಿಗೆಗೆ ಹೊಟ್ಟೆಯಲ್ಲಿ ಒಂದಿಷ್ಟು ಕೂಳು ಇರಬೇಕು, ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿಯಾಗಿ ಹೊರಗೆ ಬರುತ್ತದೆ. ಒಣ ಗಂಟಲಿಗೆ ತಳ್ಳಿದರೆ ಅಲ್ಲೇ ಕೂತು ಹುಣ್ಣು ಮಾಡುತ್ತದೆ. ಮೇಡಂ ನಾಗಮ್ಮನ ಮುಖ ನೋಡಿ ಒಂದೇ ಮಾತು ಹೇಳಿದರು: "ತಿಂಟೇ ಬತುಕುತುಂದಮ್ಮಾ." ತಿಂದರೆ ಬದುಕುತ್ತದೆ. ನಾಗಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ತಿನ್ನದಿದ್ದರೆ ಏನು ಎಂದು ಅವಳು ಕೇಳಲಿಲ್ಲ.

ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಮೊದಲ ತಪ್ಪು ಅವತ್ತೇ ಆಯಿತು. ನಾಯಿ ಬೇರೇನೂ ಮುಟ್ಟುತ್ತಿಲ್ಲ, ಹಾಲು ಮಾತ್ರ ಎರಡು ಗುಟುಕು ನೆಕ್ಕಿತು ಎಂದಳು ನಾಗಮ್ಮ. ಹಾಗಾದರೆ ಗುಳಿಗೆ ಅರೆದು ಹಾಲಿಗೆ ಹಾಕಿರಿ ಎಂದೆ. ಎರಡು ದಿನ ಹಾಗೇ ನಡೆಯಿತು. ಜ್ವರ ಇಳಿಯಲಿಲ್ಲ. ಮೇಡಂ ಮನೆಗೇ ಬಂದು ವಿಚಾರಿಸಿದರು.

"ಪಾಲಲ್ಲೋ ಎವರು ಇಮ್ಮನ್ನಾರು?" ಹಾಲಿನಲ್ಲಿ ಕೊಡಲು ಹೇಳಿದವರು ಯಾರು?

ಗಂಡ ಹೆಂಡತಿ ಇಬ್ಬರೂ ನನ್ನನ್ನು ನೋಡಿದರು. "ನೇನೇ ಮೇಡಂ" ಎಂದೆ. ಆ ಗುಳಿಗೆ ಹಾಲಿನ ಜೊತೆ ಸೇರಿದರೆ ಮೈಗೆ ಹಿಡಿಯುವುದಿಲ್ಲ. ಅದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುಖ ಉಳಿಸಿಕೊಳ್ಳುವ ಆತುರದಲ್ಲಿ ಎರಡನೇ ತಪ್ಪು ಮಾಡಿದೆ. ರೊಟ್ಟಿಯ ತುಣುಕನ್ನು ಬೆಲ್ಲದ ನೀರಿನಲ್ಲಿ ಮೆತ್ತಗೆ ಮಾಡಿ, ಒಳಗೆ ಗುಳಿಗೆ ಇಟ್ಟು ಉಂಡೆ ಕಟ್ಟಿ, ನಾಗಮ್ಮನ ಕೈಗೇ ಕೊಟ್ಟು, "ನೀವು ಕೊಟ್ರ ತಿಂತೈತ್ರಿ ಅಕ್ಕಾರ" ಎಂದೆ. ಕೆಂಚ ಅವಳ ಮುಖ ನೋಡಿ ಬಾಯಿ ತೆರೆಯಿತು. ಕಚ್ಚಿತು. ಗುಳಿಗೆ ಒಡೆದು ಕಹಿ ಬಾಯಿ ತುಂಬಿತು. ನೊರೆ ಸುರಿಸಿಕೊಂಡು ತಲೆ ಒದರುತ್ತ ಹೋಗಿ ಮಗ್ಗದ ಹಿಂದಿನ ಕತ್ತಲಲ್ಲಿ ಮೂಲೆಗೆ ಮುಖ ಮಾಡಿ ಮಲಗಿತು. ನಾಗಮ್ಮ ಕೈಯಲ್ಲಿ ಉಳಿದ ಅರ್ಧ ಉಂಡೆ ಹಿಡಿದುಕೊಂಡು ನಿಂತಿದ್ದಳು.

"ನನ್ನ ಕೈಯಾಗ ವಿಷ ಐತಿ ಅಂದ್ಕೊಂತು ನೋಡ್ರಿ" ಎಂದಳು.

ಬಡೇ ಡಾಕ್ಟರ್ ಸಾಬ್ ಅಲ್ಲಿದ್ದಿದ್ದರೆ ಅವರ ಪಿಸುಮಾತು ನನಗೆ ಕೇಳಿಸುತ್ತಲೇ ಇರಲಿಲ್ಲ, ಅಷ್ಟು ತಗ್ಗಿರುತ್ತಿತ್ತು.

ಮೇಡಂ ಗುಳಿಗೆ ನಿಲ್ಲಿಸಿ ಮತ್ತೆ ಮೂರು ದಿನ ಸೂಜಿಯಲ್ಲೇ ಸಾಗಿಸಿದರು. ಜ್ವರ ಇಳಿಯಿತು. ನಾನು ಬೆಳಿಗ್ಗೆ, ಸಂಜೆ ಹೋಗಿ ಗಂಜಿಯ ತಿಳಿಯನ್ನು ಸಿರಿಂಜಿನಲ್ಲಿ ಗುಟುಕು ಗುಟುಕಾಗಿ ಕುಡಿಸಿ ಬರುತ್ತಿದ್ದೆ. ಅದರಿಂದ ಜೀವ ನಿಲ್ಲುತ್ತದೆ, ನಾಲ್ಕು ವಾರದ ಗುಳಿಗೆ ತಡೆಯುವಷ್ಟು ಬಲ ಬರುವುದಿಲ್ಲ. ಕೆಂಚ ತಾನಾಗಿ ಬಾಯಿ ಹಾಕಲೇಬೇಕಿತ್ತು. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖಾಲಿ ಮಾಡಿದೆ. ಬೇಳೆ ಕಟ್ಟನ್ನು ಬಿಸಿ ಮಾಡಿ ವಾಸನೆ ಏಳುವಂತೆ ಇಟ್ಟೆ, ಬೆಚ್ಚಗಿದ್ದರೆ ಜಡ್ಡಾದ ಮೂಗಿಗೂ ತಾಗುತ್ತದೆ. ಮುಂಗಾಲಿಗೆ ಒಂದಿಷ್ಟು ಬಳಿದೆ, ಸ್ವಚ್ಛ ಮಾಡಿಕೊಳ್ಳಲು ನೆಕ್ಕಿಯಾದರೂ ರುಚಿ ಹತ್ತಲಿ ಎಂದು. ಹತ್ತು ನಿಮಿಷ ಇಟ್ಟು ತಟ್ಟೆ ತೆಗೆದುಬಿಡಿ, ಇಡೀ ದಿನ ಮೂಗಿನ ಮುಂದೆ ಇಟ್ಟರೆ ಓಕರಿಕೆ ಬರುತ್ತದೆ ಎಂದೆ. ಕೆಂಚ ಕಾಲು ನೆಕ್ಕಿಕೊಂಡಿತು, ತಟ್ಟೆ ಮೂಸಿತು, ಆಮೇಲೆ ಮುಖ ತಿರುಗಿಸಿತು. ಹಸಿವಿಲ್ಲ ಎನ್ನುವಂತೆಯೂ ಇರಲಿಲ್ಲ. ಬಾಯಲ್ಲಿ ಜೊಲ್ಲು ಕಾಣುತ್ತಿತ್ತು.

ಮೇಡಂಗೂ ಬಗೆಹರಿಯಲಿಲ್ಲ. ಜ್ವರ ಇಳಿದ ನಾಯಿ ಯಾಕೆ ತಿನ್ನುವುದಿಲ್ಲ? ನಾಳೆಯೂ ಹೀಗೇ ಇದ್ದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಮರುದಿನ ಮಕ್ತಲ್‌ನಿಂದ ಬರುವ ಬಸ್ಸು ತಡವಾಗಿ ನಾನು ಆ ಮನೆ ಮುಟ್ಟಿದಾಗ ಮಧ್ಯಾಹ್ನ, ಊಟದ ಹೊತ್ತು. ಅದುವರೆಗೆ ಊಟದ ಹೊತ್ತಿಗೆ ನಾನು ಅಲ್ಲಿಗೆ ಹೋಗಿರಲೇ ಇಲ್ಲ. ಶರಣಪ್ಪ ಒಬ್ಬನೇ ಕೂತು ಉಣ್ಣುತ್ತಿದ್ದ. ನಾಗಮ್ಮ ಕೆಂಚನ ಮುಂದೆ ತಟ್ಟೆ ಇಟ್ಟು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಶರಣಪ್ಪ ಕೈ ತೊಳೆಯುವ ನೆಪದಲ್ಲಿ ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದ:

"ನಾಯಿದು ಬಿಡ್ರಿ ಸಾಬ್ರ, ಈಕಿಗಿ ಏನರ ಹೇಳ್ರಿ. ಆ ಬೆಲ್ಲದ ಉಂಡಿ ಕೊಟ್ಟ ದಿನದಿಂದ ಈಕಿ ಉಂಡಿಲ್ಲ. ಬಸವಣ್ಣಗ ಮಾತು ಕೊಟ್ಟಾಳಂತ. ಕೆಂಚ ತಿನ್ನೋತನ ನಾನೂ ರೊಟ್ಟಿ ಮುಟ್ಟಂಗಿಲ್ಲ ಅಂತ. ಬರೇ ಚಾ, ಬಾಳಿಹಣ್ಣು. ಈಕಿಗಿ ಶುಗರ್ ಐತ್ರಿ, ಗುಳಿಗಿ ನುಂಗತಾಳ, ಉಣ್ಣವಲ್ಳು. ನಿನ್ನಿ ರಾಟಿ ಮುಂದ ಕಣ್ಣಿಗಿ ಕತ್ತಲಿ ಬಂದು ಕುಸಿದಿದ್ಳು."

ನಾನು ನಾಗಮ್ಮನ ಕಡೆ ನೋಡಿದೆ, ಆಮೇಲೆ ಕೆಂಚನ ಕಡೆ. ಕೆಂಚ ತಟ್ಟೆಯನ್ನು ನೋಡುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದ ಒಂದು ಸ್ಟೀಲಿನ ತಾಟನ್ನು ನೋಡುತ್ತಿತ್ತು. ತಾಟು ನೋಡುವುದು, ನಾಗಮ್ಮನ ಮುಖ ನೋಡುವುದು, ಮತ್ತೆ ತಾಟು.

"ಅದು ಯಾರ ತಾಟ್ರಿ?"

"ಆಕೀದು."

"ಜಡ್ಡಾಗೂಕಿಂತ ಮೊದ್ಲ ಕೆಂಚಗ ಹ್ಯಾಂಗ ಹಾಕ್ತಿದ್ರಿ?"

ಶರಣಪ್ಪ ಇದೇನು ಪ್ರಶ್ನೆ ಎನ್ನುವಂತೆ ನೋಡಿದ. "ಎಲ್ಲಾರೂ ಹಾಕ್ದಂಗ. ಆಕಿ ಪೂಜಿ ಮುಗಿಸಿ ಉಂತಾಳ. ಉಂಡು ಕಡೀ ತುತ್ತು ಅದಕ್ಕ ಕೊಡ್ತಾಳ. ಅದು ತಿಂದಿಂದ ಅದರ ರೊಟ್ಟಿ ಹಾಕೂದು. ನಮ್ಮ ಮನ್ಯಾಗ ಮೊದ್ಲಿಂದ ಹಂಗ. ಮರಿ ಇದ್ದಾಗ ಒಮ್ಮಿ ಆಕಿ ಉಣ್ಣೂಕಿಂತ ಮೊದ್ಲ ಬಾಯಿ ಹಾಕಿತ್ತು, ಬಡಿಗಿ ತಗೊಂಡು ಹಾಕಿದ್ದೆ. ಅವತ್ತಿಂದ ಇವತ್ತಿನತನಕ ಮುಟ್ಟಿಲ್ಲ ನೋಡ್ರಿ." ಕಡೆಯ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ನಾನು ಅಲ್ಲೇ ಕಟ್ಟೆಗೆ ಕೂತುಬಿಟ್ಟೆ. ಅದು ತಿಂದರೆ ಇವಳು ಉಣ್ಣುತ್ತಾಳೆ. ಇವಳು ಉಂಡರೆ ಅದು ತಿನ್ನುತ್ತದೆ. ನಾಲ್ಕು ದಿನದಿಂದ ಒಂದು ಹೆಂಗಸು, ಒಂದು ನಾಯಿ ಎದುರುಬದುರು ಕೂತು ಒಬ್ಬರ ದಾರಿ ಒಬ್ಬರು ಕಾಯುತ್ತಿದ್ದರು. ನಾನು ದಿನಕ್ಕೆರಡು ಸಲ ಬಂದು ನಡುವೆ ಗಂಜಿ ಕುಡಿಸಿ ಹೋಗುತ್ತಿದ್ದೆ.

ನಾಗಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ.

"ಉಣ್ಣವಲ್ಲೆ ಅಣ್ಣಾರ. ಮಾತು ಮುರಿದು ನಾ ಒಂದು ತುತ್ತು ನುಂಗಿದ್ರ ಅದರ ಜೀವ ನುಂಗಿದಂಗ."

"ನಿನ್ನಿ ಸಂಜೀಕ ನಾ ಗಂಜಿ ಕುಡಿಸೀನಲ್ರಿ. ಅದು ತಿಂದಂಗ ಅಲ್ಲೇನು? ನಿಮ್ಮ ಮಾತು ನಡೀತು."

"ನೀವು ಕುಡಿಸಿದ್ದು ಅದು, ಕೆಂಚ ತಿಂದಿದ್ದಲ್ಲ. ಬಸವಣ್ಣಗ ಲೆಕ್ಕ ತಪ್ಪಿಸಾಕ ಹೋಗಬ್ಯಾಡ್ರಿ."

ನನ್ನ ಬುದ್ಧಿ ಅಷ್ಟಕ್ಕೇ ನಿಲ್ಲಲಿಲ್ಲ. "ಹಂಗಾದ್ರ ನನಗರ ಉಣ್ಣಾಕ ಹಾಕ್ರಿ, ಹಸದೀನಿ" ಎಂದೆ. ಮನೆಗೆ ಬಂದವರು ಊಟ ಕೇಳಿದರೆ ಇಲ್ಲ ಎನ್ನುವ ಮನೆಯಲ್ಲ ಅದು. ಅವಳ ತಾಟಿನಲ್ಲೇ ಬಡಿಸಿಕೊಂಡು, ಅವಳು ಕೂರುವ ಜಾಗದಲ್ಲೇ ಕೂತೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಬೇಳೆ ಕಟ್ಟು. ಕೆಂಚ ತಲೆ ಎತ್ತಿತು. ಏಳಲು ಎರಡು ಸಲ ನೋಡಿ ಮೂರನೇ ಸಲಕ್ಕೆ ಎದ್ದು, ಗೋಡೆಗೆ ಮೈ ತಾಗಿಸಿಕೊಂಡು ನಾಲ್ಕು ಹೆಜ್ಜೆ ಬಂದು ಕೂತಿತು. ಆ ನಾಲ್ಕು ದಿನದಲ್ಲಿ ಅದು ತಾನಾಗಿ ಎದ್ದದ್ದು ಅದೇ ಮೊದಲು. ನಾನು ಉಂಡೆ. ಕಡೆಯ ತುತ್ತನ್ನು ಕಟ್ಟಿನಲ್ಲಿ ಅದ್ದಿ ಚಾಚಿದೆ. ಅದು ನನ್ನ ಕೈ ಮೂಸಿತು, ದವಾಖಾನೆಯ ಕೈ ಅದು. ಹಿಂದಕ್ಕೆ ಸರಿದು ನಾಗಮ್ಮನ ಕಡೆ ತಿರುಗಿ ಸಣ್ಣಗೆ ಕುಂಯ್ ಎಂದಿತು.

ನಾಗಮ್ಮ ಅದನ್ನು ಕಣ್ಣಾರೆ ನೋಡಿದಳು. ಸೆರಗು ಬಾಯಿಗೆ ಹಿಡಿದು ಅತ್ತಳು. ಆಮೇಲೆ ಎದ್ದು ಮುಖ ತೊಳೆದು, ಗೋಡೆಯ ಗೂಡಿನಲ್ಲಿದ್ದ ಬಸವಣ್ಣನ ಮುಂದೆ ನಿಂತು ಜಗಳಕ್ಕೆ ನಿಂತವಳ ದನಿಯಲ್ಲಿ ಹೇಳಿದಳು:

"ಮಾತು ನಾ ಮುರಿಯಾಕತ್ತೀನಿ. ಸಿಟ್ಟು ನನ್ನ ಮ್ಯಾಲ ಇರ್ಲಿ. ಅದು ಬಾಯಿಲ್ಲದ್ದು, ಅದಕ್ಕ ಏನೂ ಗೊತ್ತಿಲ್ಲ."

ತಾಟು ತೊಳೆದು ಬಡಿಸಿಕೊಂಡು ಕೂತಳು. ಉಣ್ಣುವುದು ರುಚಿಗೂ ಅಲ್ಲ, ಹಸಿವೆಗೂ ಅಲ್ಲ. ಪ್ರತಿ ತುತ್ತಿಗೂ ತಾನೊಂದು ತಪ್ಪು ಮಾಡುತ್ತಿದ್ದೇನೆ ಎನ್ನುವಂತೆ ನುಂಗುತ್ತಿದ್ದಳು. ಶರಣಪ್ಪ ಮಗ್ಗದ ಹತ್ತಿರ ನಿಂತಿದ್ದ. ಅರ್ಧ ಊಟ ಆಗಿರುವಾಗ ಮೇಡಂ ಬಾಗಿಲಿಗೆ ಬಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ಗುಳಿಗೆಯ ಪಟ್ಟಿ ತೋರಿಸಿ, ನಾಯಿಗೆ ಕೊಡುವ ತುತ್ತಿನಲ್ಲಿ ಇಡಿ ಎಂದು ಕಣ್ಣಲ್ಲೇ ಹೇಳಿದರು. ಅಂಥ ಅವಕಾಶ ಮತ್ತೆ ಸಿಗುವುದಿಲ್ಲ ಎನ್ನುವುದು ಅವರ ಲೆಕ್ಕ. ಮೇಲಧಿಕಾರಿಯ ಮಾತಿಗೆ ನೌಕರಿಯಲ್ಲಿ ನಾನು ಎದುರಾಡಿದ್ದು ಕಡಿಮೆ. ಅವತ್ತು ತಲೆ ಅಡ್ಡಡ್ಡ ಆಡಿಸಿದೆ. ಆ ತುತ್ತಿನಲ್ಲಿ ಏನೂ ಇರಬಾರದಿತ್ತು, ರೊಟ್ಟಿ ಬಿಟ್ಟು.

ನಾಗಮ್ಮ ಕಡೆಯ ತುತ್ತು ಚಾಚಿದಳು. ಕೆಂಚ ಅವಳ ಬೆರಳು ಮೂಸಿತು. ಬಹಳ ಹೊತ್ತು ಮೂಸಿತು. ಬೆಲ್ಲದ ಉಂಡೆ ನೆನಪಿತ್ತು ಅದಕ್ಕೆ. ನಾಲಗೆ ಚಾಚಿ ಅಂಚಿಗೆ ತಾಗಿಸಿ ಹಿಂದಕ್ಕೆ ಎಳೆದುಕೊಂಡಿತು. ಆಮೇಲೆ ಮೆಲ್ಲಗೆ ತೆಗೆದುಕೊಂಡಿತು, ನುಂಗಿತು. ನಾಗಮ್ಮ ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು. ಪಕ್ಕದ ತಟ್ಟೆಯಲ್ಲಿದ್ದದ್ದನ್ನು ಅದು ಅರ್ಧದಷ್ಟು ತಿಂದಿತು.

ಅಲ್ಲಿಂದ ನಾಲ್ಕು ವಾರ ನಾನೇ ದವೆಯ ಕೈ. ನಾಗಮ್ಮ ಉಣಿಸುವುದು ಒಳಗೆ, ನಾನು ಗುಳಿಗೆ ನುಂಗಿಸುವುದು ಹಿತ್ತಲಲ್ಲಿ. ಅವಳು ಆಗ ಹೊರಗೆ ಬರಬಾರದು. ಬಲಗೈಯಿಂದ ದವಡೆ ಸಡಿಲಿಸಿ, ನಾಲಗೆಯ ಬುಡದ ಮೇಲೆ ಗುಳಿಗೆ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರುವುದು. ನುಂಗಿದ ಮೇಲೆ ಸಿರಿಂಜಿನಿಂದ ನೀರು, ಗುಳಿಗೆ ಗಂಟಲಲ್ಲಿ ಉಳಿಯದಂತೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನಾಗಮ್ಮ ಒಳಗೆ ರಾಟೆಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಎರಡನೇ ವಾರಕ್ಕೆ ಕೆಂಚನಿಗೆ ನನ್ನ ಚಪ್ಪಲಿಯ ಸಪ್ಪಳ ಗೊತ್ತಾಗಿ, ಓಣಿಯ ತಿರುವಿನಲ್ಲಿ ನಾನು ಕಂಡ ಕೂಡಲೇ ಮಗ್ಗದ ಗುಂಡಿಗೆ ಇಳಿದು ಶರಣಪ್ಪನ ಕಾಲ ಹಿಂದೆ ಅಡಗುತ್ತಿತ್ತು. ಮೂರನೇ ವಾರಕ್ಕೆ ಗುರ್ ಎನ್ನತೊಡಗಿತು. ಎಡಗೈಯ ಐದನೇ ಗುರುತು ಆ ವಾರದ್ದು. ಗುರ್ ಎನ್ನುವಷ್ಟು ಬಲ ಬಂತಲ್ಲ ಎಂದು ಮೇಡಂ ಟಿಂಚರ್ ಹಚ್ಚುತ್ತ ನಕ್ಕರು.

ಕೆಂಚ ಬದುಕಿತು. ಬದುಕಿದಷ್ಟು ದಿನವೂ ನನ್ನನ್ನು ಕ್ಷಮಿಸಲಿಲ್ಲ. ನಾನು ನಿವೃತ್ತನಾದಾಗ ಶರಣಪ್ಪ, ನಾಗಮ್ಮ ಮನೆಗೆ ಕರೆದು ಶಾಲು ಹೊದಿಸಿ ಹೋಳಿಗೆ ಊಟ ಹಾಕಿದರು. ಊಟ ಮುಗಿಯುವವರೆಗೂ ಅದು ಎದುರು ಮನೆಯ ಕಟ್ಟೆಯ ಮೇಲೆ ನಿಂತು ನನ್ನ ಮೇಲೆ ಬೊಗಳುತ್ತಿತ್ತು. ಈಗಿನ ಗುಳಿಗೆಗಳಿಗೆ ಮಾಂಸದ ವಾಸನೆ ಕೊಟ್ಟಿರುತ್ತಾರೆ, ಟ್ಯೂಬಿನಲ್ಲಿ ಸಿಹಿ ಲೇಹ್ಯ ಬರುತ್ತದೆ, ನಾಯಿಯ ವಸಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸುತ್ತಾರೆ. ಒಳ್ಳೆಯದೇ. ಆದರೂ ನಾಯಿ ಜಡ್ಡಾದ ಮನೆಗೆ ಒಂದು ಸಲ ಊಟದ ಹೊತ್ತಿಗೆ ಹೋಗಿ ಬನ್ನಿ. ಅದು ಫೋಟೋದಲ್ಲಿ ಬರುವುದಿಲ್ಲ.

ನಿವೃತ್ತನಾದ ಎರಡನೇ ವರ್ಷ ಶರಣಪ್ಪ ಫೋನ್ ಮಾಡಿದ. ಮಕ್ತಲ್‌ನಿಂದ ಹೋದೆ. ಮೇಡಂ ವರ್ಗವಾಗಿ ಹೋಗಿದ್ದರು. ಹೊಸ ಡಾಕ್ಟರು ನೋಡಿ, ಮೂತ್ರಪಿಂಡ ಸೋತಿದೆ, ವಯಸ್ಸೂ ಆಗಿದೆ, ಕೊಟ್ಟು ನೋಡಿ ಎಂದು ಗುಳಿಗೆ ಬರೆದಿದ್ದರು. ದಾರಿಯಲ್ಲಿ ದವಾಖಾನೆಗೆ ಹೋಗಿ ಆ ಗುಳಿಗೆಯ ಪಟ್ಟಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಿದ್ದೆ. ಓಣಿಯ ತಿರುವಿನಲ್ಲಿ ಚಪ್ಪಲಿಯನ್ನು ಬೇಕೆಂದೇ ಸಪ್ಪಳ ಮಾಡುತ್ತ ನಡೆದೆ. ಕೆಂಚ ಗುಂಡಿಗೆ ಇಳಿಯಲಿಲ್ಲ, ಗುರ್ ಎನ್ನಲಿಲ್ಲ. ರಾಟೆಯ ಪಕ್ಕ ಮಲಗಿದ್ದಲ್ಲಿಂದ ಕಣ್ಣು ಮಾತ್ರ ತಿರುಗಿಸಿತು.

"ಈ ಸಲ ನಾ ಉಂಡೀನ್ರಿ ಅಣ್ಣಾರ" ಎಂದಳು ನಾಗಮ್ಮ. ನಾನು ಇನ್ನೂ ಕೂತಿರಲಿಲ್ಲ. "ಹೊತ್ತಿಗಿ ಸರಿಯಾಗಿ ಉಂಡೀನಿ. ಹಸಿವಿ ಇ‌ಲ್ಲದಿದ್ರೂ ಅದಕ್ಕ ಕಾಣುವಂಗ ಎದುರಿಗಿ ಕುಂತು ಉಂಡೀನಿ. ಬೇಕಾರ ಇವರ್ನ ಕೇಳ್ರಿ. ಕಡೀ ತುತ್ತು ಹಿಡಿದ್ರ ನನ್ನ ಕೈ ಮೂಸ್ತೈತಿ, ನೆಕ್ತೈತಿ. ತುತ್ತು ಒಲ್ಲೆ ಅಂತೈತಿ."

ಶರಣಪ್ಪ ಹೌದೆಂದು ತಲೆಯಾಡಿಸಿದ. ನಾನು ವಸಡು ನೋಡಲಿಲ್ಲ, ದವಡೆ ಮುಟ್ಟಲಿಲ್ಲ. ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು, ಒರೆಸಿಕೊಂಡು ಬಂದು ಕೆಂಚನ ಪಕ್ಕ ನೆಲದ ಮೇಲೆ ಕೂತೆ. ಕೈ ಚಾಚಿದೆ. ಅದು ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿತು. ಯಾವುದರಲ್ಲೂ ಏನೂ ಸಿಗಲಿಲ್ಲ. ಆಮೇಲೆ ಗದ್ದವನ್ನು ನನ್ನ ಅಂಗೈಯ ಮೇಲೆ ಇಟ್ಟು ಕಣ್ಣು ಮುಚ್ಚಿತು. ನಾಗಮ್ಮ ರಾಟೆಗೆ ಕೈ ಹಾಕಿದವಳು ತಿರುಗಿಸದೆ ಹಾಗೇ ಕೂತಳು.

ಮರುದಿನ ಒಂದೂ ಗುಳಿಗೆ ಬಿಚ್ಚದ ಆ ಪಟ್ಟಿಯನ್ನು ದವಾಖಾನೆಗೆ ವಾಪಸು ಕೊಟ್ಟು ಬಂದೆ.